ಕಷ್ಟಕಾಲಕ್ಕೆ ದೊಡ್ಡ ಅಕ್ಷರದ ಬೈಬಲ್: ಕೊಡಗಿನ ಮಳೆಯಲ್ಲಿ ಬಳಸಿ ನೋಡಿದ್ದು

ದೊಡ್ಡ ಅಕ್ಷರದ ಕನ್ನಡ ಬೈಬಲ್ ಕೊಳ್ಳಬಹುದಾ, ಕೊಟ್ಟ ದುಡ್ಡಿಗೆ ಮೋಸ ಇಲ್ವಾ ಅಂತ ನಮ್ಮ ಕಡೆ ಕುಟುಂಬ ಪ್ರಾರ್ಥನೆಗೆ ಬರುವವರು ಆಗಾಗ ಕೇಳುತ್ತಾರೆ. ಕೊಳ್ಳಿ ಅಂತಲೇ ನಾನು ಹೇಳುವುದು. ಅದರಲ್ಲೂ ಮನೆಯಲ್ಲಿ ಕಾಯಿಲೆಯವರಿದ್ದರೆ, ವಯಸ್ಸಾದವರಿದ್ದರೆ, ಅಥವಾ ನೀವೇ ಯಾವುದೋ ಸಂಕಟದಲ್ಲಿದ್ದು ಪ್ರಾರ್ಥನೆ ಬಾಯಿಗೆ ಬರುತ್ತಿಲ್ಲ ಅನ್ನಿಸಿದ್ದರೆ, ಯೋಚನೆ ಮಾಡದೆ ಕೊಳ್ಳಿ. ಆದರೆ ಈ ಪುಸ್ತಕಕ್ಕೆ ಅದರದ್ದೇ ಆದ ತೊಂದರೆಗಳೂ ಇವೆ. ನಮ್ಮ ಕೊಡಗಿನ ಹವೆಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಅದನ್ನೆಲ್ಲ ಸೇರಿಸಿಯೇ ಬರೆಯುತ್ತೇನೆ.

ನಮ್ಮದು ಮಾದಾಪುರದ ಹತ್ತಿರ. ಸ್ವಲ್ಪ ಕಾಫಿ, ಮರಕ್ಕೆ ಹಬ್ಬಿಸಿದ ಕಾಳುಮೆಣಸು, ಹಟ್ಟಿಯಲ್ಲಿ ದನ. ಮನೆಯಲ್ಲಿ ನಮ್ಮ ಯಜಮಾನರು, ಅತ್ತೆ, ನಾನು. 2018ರ ಆಗಸ್ಟ್ ಮಳೆ ಹೇಗಿತ್ತು ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ ಒಂದು ಮಾತು: ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ ಕಡೆಯೆಲ್ಲ ಗುಡ್ಡಕ್ಕೆ ಗುಡ್ಡವೇ ಜಾರಿತು. ರಸ್ತೆ ಇದ್ದ ಕಡೆ ರಸ್ತೆ ಇರಲಿಲ್ಲ. ನಮ್ಮ ಮನೆ ನಿಂತಿತು. ಆದರೆ ಹಿಂದಿನ ಬರೆ ಕುಸಿದು ತೋಟದ ಮೇಲ್ಭಾಗ ಪೂರ್ತಿ ಕೆಳಗಿನ ತೋಡಿಗೆ ಹೋಯಿತು. ನಾವು ಪರಿಹಾರ ಕೇಂದ್ರದಲ್ಲಿದ್ದೆವು. ತಿರುಗಿ ಬಂದ ಮೇಲೆ ಉಳಿದ ಗಿಡಗಳನ್ನು ಹೇಗೋ ಎತ್ತಿ ಕಟ್ಟಿ ನಿಲ್ಲಿಸಿಕೊಳ್ಳುವಷ್ಟರಲ್ಲಿ ಯಜಮಾನರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋಯಿತು.

ಮೈಸೂರಿಗೆ ಅವರನ್ನು ತಪಾಸಣೆಗೆ ಕರೆದುಕೊಂಡು ಹೋಗಿದ್ದಾಗ ಅಲ್ಲಿಯ ಧಾರ್ಮಿಕ ಪುಸ್ತಕದ ಅಂಗಡಿಯೊಂದರಲ್ಲಿ ಈ ಬೈಬಲ್ ಕೊಂಡೆ. ಸಾವಿರಕ್ಕೆ ಸ್ವಲ್ಪ ಕಡಿಮೆ ಕೊಟ್ಟ ನೆನಪು. ಮನೆಯಲ್ಲಿ ಬೈಬಲ್ ಇರಲಿಲ್ಲ ಅಂತಲ್ಲ. ಮದುವೆಯಲ್ಲಿ ಸಿಕ್ಕಿದ್ದ ಚಿಕ್ಕ ಬೈಬಲ್ ಪೀಠದ ಮೇಲೆ ಇತ್ತು, ಈಗಲೂ ಇದೆ. ಆದರೆ ಅದರ ಅಕ್ಷರ ಆರಾಮಾಗಿ ಇರುವವರು ಓದುವಂಥದ್ದು. ರಾತ್ರಿಯೆಲ್ಲ ನಿದ್ದೆ ಕೆಟ್ಟು, ಔಷಧಿಯ ಲೆಕ್ಕ, ಬ್ಯಾಂಕಿನ ಲೆಕ್ಕ ತಲೆಯಲ್ಲಿಟ್ಟುಕೊಂಡು ಕೂತವಳಿಗೆ ಒಂದು ಸಾಲು ಓದಿ ಮುಂದಿನ ಸಾಲು ಹುಡುಕುವಷ್ಟರಲ್ಲಿ ಸಾಕಾಗಿಬಿಡುತ್ತಿತ್ತು. ಕಣ್ಣು ಸರಿ ಇದ್ದರೂ ದಣಿದಾಗ ಚಿಕ್ಕ ಅಕ್ಷರ ಓದೋಕಾಗಲ್ಲ. ಇದನ್ನು ಕಷ್ಟದಲ್ಲಿ ಇದ್ದವರೆಲ್ಲ ಒಪ್ಪುತ್ತಾರೆ ಅಂದುಕೊಂಡಿದ್ದೇನೆ.

ಈಗ ಅಕ್ಷರದ ವಿಷಯ. ಕನ್ನಡಕ್ಕೆ ದೊಡ್ಡ ಅಕ್ಷರ ಬೇಕೇ ಬೇಕು, ಯಾಕೆಂದರೆ ನಮ್ಮಲ್ಲಿ ಅಕ್ಷರದ ಕೆಳಗೆ ಇನ್ನೊಂದು ಅಕ್ಷರ ಕೂರುತ್ತದೆ. ಅತ್ತೆಗೆ ಕಣ್ಣಿನ ಪೊರೆ. ಒಂದು ಕಣ್ಣಿಗೆ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಬೇಡ ಅಂತ ಹಟ. ಚಿಕ್ಕ ಬೈಬಲ್‌ನಲ್ಲಿ ಅವರಿಗೆ ಥಕ್ಕೂ ಧಕ್ಕೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ಹೊಟ್ಟೆಯೊಳಗಿನ ಆ ಚುಕ್ಕೆ ಮಸಿಯಲ್ಲಿ ಮುಚ್ಚಿಹೋಗುತ್ತಿತ್ತು. ಒತ್ತಕ್ಷರ ಕೆಳಗಿನ ಸಾಲಿನ ದೀರ್ಘಕ್ಕೆ ಅಂಟಿಕೊಂಡ ಹಾಗೆ ಕಾಣುತ್ತಿತ್ತು. ಈ ಪುಸ್ತಕದಲ್ಲಿ ಸಾಲುಗಳ ನಡುವೆ ಜಾಗ ಬಿಟ್ಟಿದ್ದಾರೆ. 'ರಾಷ್ಟ್ರ' ಅನ್ನುವಂಥ ಪದದಲ್ಲೂ ಕೆಳಗಿನ ಎರಡೂ ಒತ್ತು ಬೇರೆ ಬೇರೆಯಾಗಿ ಕಾಣುತ್ತದೆ. ವಚನದ, ಅಂದರೆ ಬೈಬಲ್‌ನ ಒಂದೊಂದು ವಾಕ್ಯದ, ಸಂಖ್ಯೆ ಮಾತ್ರ ಚಿಕ್ಕದೇ, ಅದು ಅತ್ತೆಗೆ ಕಾಣುವುದಿಲ್ಲ. ಕಾಣದಿದ್ದರೂ ನಷ್ಟವಿಲ್ಲ. ಅವರು ಬೆರಳಿಟ್ಟು ಓದುತ್ತಾರೆ, ಬೆರಳಿಗೆ ಸಾಲು ತಪ್ಪುವುದಿಲ್ಲ.

ಕಾಗದ ತೆಳು. ಇಷ್ಟು ದೊಡ್ಡ ಗ್ರಂಥಕ್ಕೆ ದಪ್ಪ ಕಾಗದ ಹಾಕಿದರೆ ಎತ್ತೋಕಾಗಲ್ಲ ಅನ್ನುವುದು ಸರಿ. ಆದರೆ ಹಿಂದಿನ ಪುಟದ ಅಕ್ಷರ ಈಚೆ ಕಾಣುತ್ತದೆ. ಹಗಲಿನಲ್ಲಿ ಗೊತ್ತಾಗುವುದಿಲ್ಲ. ಕರೆಂಟು ಹೋಗಿ ಎಮರ್ಜೆನ್ಸಿ ಲೈಟಿನ ಬಿಳಿ ಬೆಳಕಿನಲ್ಲಿ ಓದಿದರೆ ಎರಡು ಪುಟ ಒಂದರ ಮೇಲೊಂದು ಬಿದ್ದಂತೆ ಕಾಣುತ್ತದೆ. ಇದಕ್ಕೆ ಒಂದು ಉಪಾಯ ಇದೆ. ಪುಟದ ಹಿಂದೆ ಒಂದು ಕಪ್ಪು ಹಾಳೆ ಇಡಿ. ಹಿಂದಿನ ಅಕ್ಷರ ಅಡಗುತ್ತದೆ. ನಮ್ಮ ಬೈಬಲ್‌ನಲ್ಲಿ ಈಗ ಪುಟ ಗುರುತಿಗೂ ಅದೇ ಕಪ್ಪು ಹಾಳೆ.

ಇಷ್ಟು ಪುಸ್ತಕದ ಮೈಯಿಗೆ ಆಯಿತು. ಇದನ್ನು ಯಾಕೆ ಕೊಳ್ಳಬೇಕು ಅನ್ನುವುದಕ್ಕೆ ಇನ್ನೂ ದೊಡ್ಡ ಕಾರಣ ಇದೆ.

ಕಷ್ಟ ಬಂದಾಗ ಮನೆಗೆ ಬಂದವರೆಲ್ಲ ಏನಾದರೂ ಹೇಳಿಹೋಗುತ್ತಾರೆ. ದೇವರು ಪರೀಕ್ಷೆ ಮಾಡುತ್ತಿದ್ದಾನೆ. ಎಲ್ಲ ಒಳ್ಳೆಯದಕ್ಕೇ. ನಿಮಗಿಂತ ಕಷ್ಟದಲ್ಲಿರುವವರನ್ನು ನೋಡಿ. ಅವರ ಮನಸ್ಸು ಒಳ್ಳೆಯದೇ, ಆದರೆ ಆ ಮಾತು ಕೇಳಿ ಕೇಳಿ ನನಗೆ ಪ್ರಾರ್ಥನೆಗೆ ಕೂರಲೂ ಭಯವಾಗಿತ್ತು. ದೇವರ ಮುಂದೆ ಒಳ್ಳೆಯ ಮಾತೇ ಆಡಬೇಕು, ಇಲ್ಲದಿದ್ದರೆ ಕೂರಬಾರದು ಅನ್ನುವ ಹಾಗೆ. ಆ ಸ್ಥಿತಿಯಲ್ಲಿ ನಾನು ಈ ಬೈಬಲ್‌ನಲ್ಲಿ ಕೀರ್ತನೆಗಳನ್ನು, ಅಂದರೆ ಅದರೊಳಗಿನ ಪ್ರಾರ್ಥನೆಯ ಹಾಡುಗಳನ್ನು, ಒಂದೊಂದಾಗಿ ಓದುತ್ತಾ ಹೋದೆ. ಒಟ್ಟು 150 ಇವೆ. ಅದರಲ್ಲಿ ಸುಮಾರು ಮೂರರಲ್ಲೊಂದು ಪಾಲು ಗೋಳು, ದೂರು, ಮೊರೆ. 13ನೆಯದು ಆರೇ ವಚನ. ಶುರುವಿನಲ್ಲೇ ಎಷ್ಟು ಕಾಲ, ಎಷ್ಟು ಕಾಲ ಅಂತ ನಾಲ್ಕು ಸಲ ಕೇಳುತ್ತದೆ. ಹಾಗೆ ಕೇಳಿದವನ ಬಾಯಿ ಯಾರೂ ಮುಚ್ಚಿಸಿಲ್ಲ. ಅದನ್ನು ಪವಿತ್ರ ಗ್ರಂಥದಲ್ಲಿ ಬರೆದಿಟ್ಟಿದ್ದಾರೆ.

46ನೆಯ ಕೀರ್ತನೆ ಮಾತ್ರ ನನಗೆ ಬಹಳ ದಿನ ಓದಲಿಕ್ಕಾಗಲಿಲ್ಲ. ಭೂಮಿ ಕದಲಿದರೂ ಬೆಟ್ಟಗಳು ಸಮುದ್ರದೊಳಗೆ ಬಿದ್ದರೂ ನಮಗೆ ಭಯವಿಲ್ಲ ಅಂತ ಅದರಲ್ಲಿದೆ. ಬೆಟ್ಟ ಬೀಳುವುದನ್ನು ನಾನು ಕಣ್ಣಾರೆ ನೋಡಿದ್ದೆ. ಮರಗಳು ನಿಂತ ಹಾಗೇ ನಿಂತುಕೊಂಡು, ಬಾಗದೆ, ಕೆಳಗೆ ಹೋಗುತ್ತವೆ. ಆಮೇಲೆ ಸದ್ದು. ಅದನ್ನು ನೋಡಿದವಳಿಗೆ ಭಯವಿಲ್ಲ ಅನ್ನುವ ಮಾತು ಬಾಯಿಂದ ಹೊರಡುವುದಿಲ್ಲ. ನಮ್ಮ ಫಾದರ್ ಮನೆಗೆ ಬಂದಾಗ ಇದನ್ನು ಹೇಳಿದೆ. ಅವರು ಉಪದೇಶ ಮಾಡಲಿಲ್ಲ. ಪುಸ್ತಕ ತೆಗೆದುಕೊಂಡು 88ನೆಯ ಕೀರ್ತನೆ ತೋರಿಸಿ, "ಅಮ್ಮಾ, 46 ಬರಲಿಲ್ಲ ಅಂದರೆ ಇದನ್ನು ಓದಿ. ನಾವು ಗುರುಗಳು, ಸಿಸ್ಟರ್‌ಗಳು ಶುಕ್ರವಾರ ರಾತ್ರಿ ಮಲಗುವ ಮುಂಚೆ ಹೇಳುವುದು ಇದನ್ನೇ" ಅಂದರು.

ನೀವೂ ತೆಗೆದು ನೋಡಿ. ಆ ಕೀರ್ತನೆಯಲ್ಲಿ ಸಮಾಧಾನದ ಮುಕ್ತಾಯವೇ ಇಲ್ಲ. ಬೇರೆ ಗೋಳಿನ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಹೇಗೋ ಸ್ತುತಿಗೆ ಬಂದು ನಿಲ್ಲುತ್ತವೆ. ಇದು ಕತ್ತಲಲ್ಲೇ ಮುಗಿಯುತ್ತದೆ. ಆದರೂ ಪ್ರತಿ ಮಾತೂ ದೇವರಿಗೇ ಹೇಳಿದ್ದು. ನೆರೆಯವರಿಗಲ್ಲ, ಬಿಟ್ಟುಹೋದ ಜನರಿಗಲ್ಲ. ಲೋಕದ ಎಲ್ಲ ಕಡೆ ಗುರುಗಳು ವಾರಕ್ಕೊಮ್ಮೆ ಹೇಳುವ ಪ್ರಾರ್ಥನೆಯೇ ಹೀಗಿದೆ ಅಂದಮೇಲೆ ನನ್ನ ದೂರಿಗೂ ಅಲ್ಲಿ ಜಾಗ ಇದೆ ಅಂತ ಧೈರ್ಯ ಬಂತು. ಅವತ್ತಿನಿಂದ ನಾನು ಪ್ರಾರ್ಥನೆ ಬಿಟ್ಟಿಲ್ಲ. ಕೆಲವು ದಿನ ಆ ಒಂದು ಕೀರ್ತನೆಯೇ ಇಡೀ ಪ್ರಾರ್ಥನೆ.

ಕೀರ್ತನೆಗಳ ಆಚೆಗೂ ಒಂದು ಕಡೆ ಬೆರಳಿಟ್ಟು ಹೇಳುತ್ತೇನೆ. ಅರಸರು ಮೊದಲನೆಯ ಗ್ರಂಥದ 19ನೆಯ ಅಧ್ಯಾಯ. ಎಲೀಯ ಅಷ್ಟು ದೊಡ್ಡ ಪ್ರವಾದಿ, ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕೂತು ನನ್ನ ಪ್ರಾಣ ತೆಗೆದುಕೋ ಅಂತ ಬೇಡಿ ಮಲಗಿಬಿಡುತ್ತಾನೆ. ದೂತ ಬಂದು ಬೈಯುವುದಿಲ್ಲ. ಎದ್ದು ತಿನ್ನು ಅನ್ನುತ್ತಾನೆ. ತಲೆಯ ಹತ್ತಿರ ರೊಟ್ಟಿ, ನೀರು. ತಿಂದು ಮತ್ತೆ ಮಲಗುತ್ತಾನೆ. ದೂತ ಮತ್ತೊಮ್ಮೆ ಬಂದು ತಿನ್ನು ಅನ್ನುತ್ತಾನೆ, ನಿನ್ನ ದಾರಿ ದೂರ ಇದೆ ಅನ್ನುತ್ತಾನೆ. ಪರಿಹಾರ ಕೇಂದ್ರದಲ್ಲಿ ನಮಗೆ ಮೊದಲು ಸಿಕ್ಕಿದ್ದು ಬಿಸಿ ಅನ್ನ, ಸಾರು, ಒಣಗಿದ ಕಂಬಳಿ. ಬಡಿಸಿದವರಲ್ಲಿ ಎಲ್ಲ ಜಾತಿ, ಎಲ್ಲ ಮತದ ಹುಡುಗರಿದ್ದರು. ಆ ಅಧ್ಯಾಯ ಓದಿದಾಗ ಅವರ ಮುಖಗಳೇ ಕಾಣುತ್ತವೆ.

ಹಾಗೇ ಯೋಬನ ಗ್ರಂಥದ ಎರಡನೆಯ ಅಧ್ಯಾಯದ ಕೊನೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಹತ್ತಿರ ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಮಾತಾಡದೆ ಅವನ ಜೊತೆ ನೆಲದ ಮೇಲೆ ಕೂರುತ್ತಾರೆ. ಅಲ್ಲಿಯವರೆಗೆ ಅವರು ಒಳ್ಳೆಯ ಗೆಳೆಯರು. ಬಾಯಿ ತೆರೆದ ಮೇಲೆಯೇ ಕೆಟ್ಟಿದ್ದು. ಕಷ್ಟದ ಮನೆಗೆ ಹೋಗುವವರು ಇದನ್ನು ಓದಿ ಹೊರಡಬೇಕು ಅಂತ ನನ್ನ ಅಭಿಪ್ರಾಯ.

ಯಜಮಾನರ ವಿಷಯ ಹೇಳದೆ ಈ ವಿಮರ್ಶೆ ಪೂರ್ತಿ ಆಗುವುದಿಲ್ಲ. ಮಾತು ಹೋದ ಮೇಲೆ ಅವರಿಗೆ ನೀರು ಅನ್ನಲೂ ಬರುತ್ತಿರಲಿಲ್ಲ. ಬೇಕಾದ್ದು ತಲೆಯಲ್ಲಿದೆ, ನಾಲಿಗೆಗೆ ಬರುವುದಿಲ್ಲ. ಅದರ ಸಂಕಟಕ್ಕೆ ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ಒಂದು ಸಂಜೆ ಅತ್ತೆ ಜಪಸರ ಹೇಳುತ್ತಿದ್ದರು. ನಾನು ಅಡುಗೆಮನೆಯಲ್ಲಿದ್ದೆ. ನಮೋ ಮರಿಯಾ ಅಂತ ಅತ್ತೆ ಶುರು ಮಾಡಿದರೆ ಇನ್ನೊಂದು ದನಿಯೂ ಸೇರಿಕೊಂಡಿತು. ಓಡಿ ಬಂದು ನೋಡಿದರೆ ಅವರೇ. ಅರ್ಧ ಅಲ್ಲ, ಇಡೀ ಪ್ರಾರ್ಥನೆ, ಆಮೆನ್ ತನಕ. ಮುಗಿದ ಮೇಲೆ ನೀರು ಬೇಕಾ ಅಂತ ಕೇಳಿದರೆ ಮತ್ತೆ ಮಾತಿಲ್ಲ.

ಡಾಕ್ಟರಿಗೆ ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ. ಎಡ ಮೆದುಳಿಗೆ ಪೆಟ್ಟಾದಾಗ ಹೊಸದಾಗಿ ವಾಕ್ಯ ಕಟ್ಟುವ ಶಕ್ತಿ ಹೋಗುತ್ತದೆ, ಆದರೆ ಚಿಕ್ಕಂದಿನಿಂದ ಬಾಯಿಪಾಠ ಆದದ್ದು, ಹಾಡು, ಪ್ರಾರ್ಥನೆ, ಒಂದು ಎರಡು ಮೂರು ಎಣಿಸುವುದು, ಇವು ಎಷ್ಟೋ ಜನರಲ್ಲಿ ಉಳಿದುಕೊಂಡಿರುತ್ತವೆ ಅಂದರು. ಮಾತಿನ ಅಭ್ಯಾಸಕ್ಕೆ ಅದನ್ನೇ ಬಳಸಿ ಅಂದರು. ಅವರು ಹೇಳಿದ ಕಾರಣ ನನಗೆ ಅರ್ಥವಾಯಿತು, ಅದರಿಂದ ನನ್ನ ಸಂತೋಷ ಕಡಿಮೆಯೂ ಆಗಲಿಲ್ಲ. ಚಿಕ್ಕ ಹುಡುಗನಾಗಿದ್ದಾಗ ಯಜಮಾನರಿಗೆ ಆ ಪ್ರಾರ್ಥನೆ ಕಲಿಸಿದ್ದು ಇದೇ ಅತ್ತೆ. ಈಗ 23ನೆಯ ಕೀರ್ತನೆಯನ್ನು ಈ ದೊಡ್ಡ ಪುಸ್ತಕದಿಂದ ನಾನು ಒಂದು ಸಾಲು ಓದುತ್ತೇನೆ, ಅವರು ಪುಟದ ಮೇಲೆ ಎಡಗೈ ಬೆರಳಿಟ್ಟು ಮುಂದಿನ ಸಾಲು ಹೇಳುತ್ತಾರೆ. ಕೆಲವು ಪದ ಜಾರುತ್ತವೆ. ಅಕ್ಷರ ದೊಡ್ಡದಿರುವುದರಿಂದ ಬೆರಳಿಗೂ ಕಣ್ಣಿಗೂ ಒಟ್ಟಿಗೆ ಸಿಗುತ್ತದೆ. ಫೋನಿನಲ್ಲಿ ಇದು ಆಗಲಿಲ್ಲ. ಬೆರಳು ತಗುಲಿದರೆ ಪುಟವೇ ಓಡಿಹೋಗುತ್ತದೆ.

ಪುಸ್ತಕ ಇಲ್ಲದೆ ನಂಬಿಕೆ ನಿಲ್ಲುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯ ನೋಡಿದ್ದೀರಲ್ಲ. ಅದರ ಬುಡ 1792ಕ್ಕೆ ಹೋಗುತ್ತದೆ. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಟಿಪ್ಪುವಿನ ಸೈನ್ಯ ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಕರೆದೊಯ್ದಿತು. ದಾರಿಯಲ್ಲೂ ಸೆರೆಯಲ್ಲೂ ಎಷ್ಟೋ ಜನ ಸತ್ತರು. ತಪ್ಪಿಸಿಕೊಂಡು ಕೊಡಗಿಗೆ ಬಂದವರಿಗೆ ಇಲ್ಲಿಯ ಅರಸ ದೊಡ್ಡ ವೀರರಾಜೇಂದ್ರ ನೆಲೆ ಕೊಟ್ಟ. ಆ ಜನರ ಕೈಯಲ್ಲಿ ಕನ್ನಡ ಬೈಬಲ್ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಕನ್ನಡದಲ್ಲಿ ಬೈಬಲ್‌ನ ಎರಡನೆಯ ಭಾಗವಾದ ಹೊಸ ಒಡಂಬಡಿಕೆ ಅಚ್ಚಾಗಿದ್ದು 1823ರಲ್ಲಿ, ಇಡೀ ಬೈಬಲ್ 1831ರಲ್ಲಿ, ಬಳ್ಳಾರಿಯಲ್ಲಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಅವರ ಕಾಲದಲ್ಲಿ. ಅದಕ್ಕೆ ಮೊದಲೇ ಸೆರೆ, ಹಸಿವು, ಕಾಡು ಎಲ್ಲ ದಾಟಿ ಬಂದವರು ಬಾಯಿಪಾಠದ ಪ್ರಾರ್ಥನೆಯನ್ನೇ ನೆಚ್ಚಿಕೊಂಡಿರಬೇಕು. ನಮ್ಮ ಯಜಮಾನರ ನಾಲಿಗೆಯಲ್ಲಿ ಉಳಿದದ್ದೂ ಅದೇ. ಹಾಗಾಗಿ ದೊಡ್ಡ ಅಕ್ಷರದ ಬೈಬಲ್ ಕೊಂಡರೆ ಅದನ್ನು ನೋಡಿ ಓದುವುದರ ಜೊತೆಗೆ ಒಂದೆರಡು ಕೀರ್ತನೆಗಳನ್ನು ಬಾಯಿಪಾಠ ಮಾಡಿಕೊಳ್ಳಿ, ಮಕ್ಕಳಿಗೂ ಮಾಡಿಸಿ. ಕಷ್ಟ ಬರುವ ಮುಂಚೆಯೇ ಮಾಡಿಸಿ.

ಇನ್ನು ತೊಂದರೆಗಳು. ಮೊದಲನೆಯದು ತೂಕ. ಮಲಗಿಕೊಂಡು ಎದೆಯ ಮೇಲಿಟ್ಟು ಓದುವುದು ಆಗದ ಮಾತು. ಕಾಯಿಲೆಯವರ ಮಂಚದಲ್ಲಿ ತಲೆದಿಂಬಿನ ಮೇಲಿಟ್ಟು ಇನ್ನೊಬ್ಬರು ಹಿಡಿದುಕೊಳ್ಳಬೇಕು. ಆಸ್ಪತ್ರೆಗೆ ಹೊತ್ತುಕೊಂಡು ಹೋಗುವುದಂತೂ ಬೇಡ. ಬಟ್ಟೆ, ಫ್ಲಾಸ್ಕ್, ಫೈಲು ಎಲ್ಲ ಇರುವ ಚೀಲದಲ್ಲಿ ಇದಕ್ಕೆ ಜಾಗ ಇಲ್ಲ. ಅದಕ್ಕೆ ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಮಾತ್ರ ಇರುವ ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಓದಲು ಅದು ಸಾಕು.

ಎರಡನೆಯದು ನಮ್ಮ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲದಕ್ಕೂ ಬೂಷ್ಟು ಹಿಡಿಯುತ್ತದೆ. ತೆಳು ಕಾಗದ ನೀರಿನ ಪಸೆ ಬೇಗ ಎಳೆದುಕೊಂಡು ಅಲೆ ಅಲೆಯಾಗುತ್ತದೆ, ಪುಟ ಪುಟಕ್ಕೆ ಅಂಟಿಕೊಳ್ಳುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಡಬೇಡಿ, ಒಳಗಿನ ತೇವ ಹೊರಗೆ ಹೋಗುವುದಿಲ್ಲ. ಗಾಜಿನ ಶೋಕೇಸೂ ಬೇಡ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಅಡುಗೆಮನೆಯ ಒಲೆಗೆ ಹತ್ತಿರದ, ಆದರೆ ಹೊಗೆ ನೇರ ತಾಗದ ಗೋಡೆಯ ಹಲಗೆಯ ಮೇಲೆ ಇಡಿ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ತೇವ ಹೀರುವ ಪೊಟ್ಟಣಗಳಿರುತ್ತವಲ್ಲ, ಅದನ್ನು ಬಟ್ಟೆಯೊಳಗೆ ಸೇರಿಸಿ. ಎಲ್ಲಕ್ಕಿಂತ ಒಳ್ಳೆಯ ಉಪಾಯ ದಿನಾ ತೆರೆದು ಓದುವುದೇ. ಓದುವ ಪುಟಗಳಿಗೆ ಬೂಷ್ಟು ಬರುವುದಿಲ್ಲ. ನಮ್ಮ ಪುಸ್ತಕದಲ್ಲಿ ಕೀರ್ತನೆಗಳ ಭಾಗ ಶುದ್ಧವಾಗಿದೆ, ಅಷ್ಟಾಗಿ ತೆರೆಯದ ಅರಣ್ಯಕಾಂಡದ (ಬೈಬಲ್‌ನ ನಾಲ್ಕನೆಯ ಗ್ರಂಥ) ಅಂಚು ಕಂದು ಬಣ್ಣಕ್ಕೆ ತಿರುಗಿದೆ. ಬಿಸಿಲು ಬಂದ ಮೇಲೆ ನೆರಳಲ್ಲಿ ಪುಟ ಬಿಡಿಸಿ ನಿಲ್ಲಿಸಿ. ಕಣದಲ್ಲಿ ಕಾಫಿ ಜೊತೆ ಬಿಸಿಲಿಗೆ ಇಟ್ಟರೆ ರಟ್ಟು ಬಾಗುತ್ತದೆ.

ಬೈಂಡಿಂಗ್ ಪರವಾಗಿಲ್ಲ, ಹೊಲಿಗೆ ಹಾಕಿದ್ದಾರೆ. ಮಧ್ಯಕ್ಕೆ ತೆರೆದರೆ ಕೀರ್ತನೆಗಳ ಆಸುಪಾಸಿಗೇ ಬರುತ್ತದೆ, ಹಿಡಿಯದೆ ಮೇಜಿನ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ಪುಟ ಗುರುತಿನ ರಿಬ್ಬನ್ ಒಂದೇ ಇದೆ, ಎರಡಾದರೂ ಬೇಕಿತ್ತು. ಬೆನ್ನಿನ ಚಿನ್ನದ ಅಕ್ಷರ ಅಳಿಸಿಹೋಗಿದೆ, ಅದು ನನಗೆ ಲೆಕ್ಕಕ್ಕಿಲ್ಲ.

ಫೋನಿನಲ್ಲಿ ಪುಕ್ಕಟೆ ಸಿಗುತ್ತದಲ್ಲ ಅಂತ ಮಗಳು ಹೇಳಿದಳು. ಸಿಗುತ್ತದೆ, ಅಕ್ಷರ ಎಷ್ಟು ಬೇಕಾದರೂ ದೊಡ್ಡದು ಮಾಡಬಹುದು, ಓದಿ ಹೇಳುವುದೂ ಇದೆ. ಊರಲ್ಲಿ ಕರೆಂಟು ಸರಿಯಾಗಿರುವವರಿಗೆ ಅದು ಒಳ್ಳೆಯದೇ. ಇಲ್ಲಿ ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ದರೆ ಎಷ್ಟು ದಿನ ಕತ್ತಲೆ ಅಂತ ಹೇಳೋಕಾಗಲ್ಲ. ಆಗ ಫೋನಿನಲ್ಲಿ ಉಳಿದ ಚಾರ್ಜ್ ಆಂಬುಲೆನ್ಸಿಗೆ ಬೇಕು. ಅದೂ ಅಲ್ಲದೆ ಫೋನ್ ತೆಗೆದ ಕೂಡಲೇ ಸಾಲದ ಕಂತಿನ ಮೆಸೇಜು ಕಣ್ಣಿಗೆ ಬೀಳುತ್ತದೆ. ಪ್ರಾರ್ಥನೆ ಅಲ್ಲಿಗೇ ನಿಲ್ಲುತ್ತದೆ.

ಕೊಳ್ಳುವಾಗ ಒಂದಿಷ್ಟು ನೋಡಿಕೊಳ್ಳಿ. ಕಥೋಲಿಕರಾದರೆ 73 ಗ್ರಂಥಗಳಿರುವುದನ್ನು ಕೇಳಿ ತೆಗೆದುಕೊಳ್ಳಿ. ತೋಬಿತ, ಯೂದಿತ, ಮಕ್ಕಬಿಯರು ಇವೆಯಾ ಅಂತ ಪರಿವಿಡಿಯಲ್ಲಿ ನೋಡಿದರೆ ಗೊತ್ತಾಗುತ್ತದೆ. ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಮತ್ತು ಬೇರೆ ಪ್ರೊಟೆಸ್ಟಂಟ್ ಸಭೆಗಳವರು ಓದುವುದರಲ್ಲಿ 66 ಇರುತ್ತವೆ. ಅನುವಾದಗಳೂ ಬೇರೆ ಬೇರೆ ಇವೆ. ಹಿರಿಯರಿಗೆ ಕೊಡುವುದಾದರೆ ಅವರು ಯಾವುದನ್ನು ಕೇಳಿ ಬೆಳೆದಿದ್ದಾರೋ ಅದನ್ನೇ ಕೊಡಿ, ಬಾಯಿಪಾಠದ ಜೊತೆ ಸಾಲು ಕೂಡಬೇಕು. ಅಂಗಡಿಯಲ್ಲೇ ಎಲ್ಲ ಕಡೆ ಬಿಡಿಸಿ ನೋಡಿ, ಅಚ್ಚಿನಲ್ಲಿ ಪುಟ ಮಡಚಿಕೊಂಡಿದ್ದರೆ ಅಥವಾ ಮಸಿ ಮಾಸಿದ್ದರೆ ಬದಲಿಸಿಕೊಳ್ಳಿ. 119ನೆಯ ಕೀರ್ತನೆ ತೆಗೆಯಿರಿ. 176 ವಚನ, ಬಹಳ ಪುಟ ಹಿಡಿಯುತ್ತದೆ, ಮಸಿ ಸಮನಾಗಿದೆಯಾ ಅಂತ ಅಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಕಷ್ಟದಲ್ಲಿರುವವರಿಗೆ ಉಡುಗೊರೆ ಕೊಡುವುದಿದ್ದರೆ ಸುಮ್ನೆ ಪ್ಯಾಕ್ ಮಾಡಿ ಕೊಟ್ಟು ಬರಬೇಡಿ. 13 ಮತ್ತು 88ರ ಪುಟಕ್ಕೆ ಗುರುತಿಟ್ಟು, ಬೇಕಾದರೆ ಅವರ ಪಕ್ಕದಲ್ಲಿ ಕೂತು ಒಂದನ್ನು ನೀವೇ ಓದಿ ಕೊಡಿ.